ಸೋನಿ ಆರ್‌ಎಕ್ಸ್10 ಮಾರ್ಕ್ 4, ನಿಕಾನ್ ಪಿ950, ಕ್ಯಾನನ್ ಆರ್10: ದೂರದ ಹಕ್ಕಿಗೆ ಯಾವುದು, ದುಡ್ಡಿಗೆ ಯಾವುದು?

ಸೋನಿ ಆರ್‌ಎಕ್ಸ್10 ಮಾರ್ಕ್ 4 ಬ್ಯಾಟರಿ, ಕಾರ್ಡ್ ಸೇರಿ 1,095 ಗ್ರಾಂ ತೂಗುತ್ತದೆ. ನಿಕಾನ್ ಪಿ950 ತೂಕ 1,005 ಗ್ರಾಂ. ಕ್ಯಾನನ್ ಆರ್10 ಕ್ಯಾಮೆರಾಕ್ಕೆ ಆರ್‌ಎಫ್ 100-400 ಲೆನ್ಸ್ ಹಾಕಿದರೆ 1,064 ಗ್ರಾಂ. ಹೆಗಲಿಗೆ ಮೂರೂ ಒಂದೇ ಭಾರ. ಬೆಲೆ ಮಾತ್ರ ಹಾಗಿಲ್ಲ. ಬಿಡುಗಡೆಯಾದಾಗ ಅಮೆರಿಕದಲ್ಲಿ ಸೋನಿಗೆ (2017) ಸುಮಾರು 1,700 ಡಾಲರ್, ನಿಕಾನ್‌ಗೆ (2020) 800, ಲೆನ್ಸಿಲ್ಲದ ಕ್ಯಾನನ್‌ಗೆ (2022) 980, ಅದರ ಲೆನ್ಸಿಗೆ (2021) 650. ಬೆಂಗಳೂರಿನ ಅಂಗಡಿಗಳ ರೂಪಾಯಿ ದರ ಹಬ್ಬದ ಆಫರ್, ಸ್ಟಾಕ್ ನೋಡಿಕೊಂಡು ಏರಿಳಿಯುತ್ತಿರುತ್ತದೆ, ಹಾಗಾಗಿ ಹೋಲಿಕೆಗೆ ಈ ಲೆಕ್ಕವೇ ವಾಸಿ: ಸೋನಿಯೂ ಕ್ಯಾನನ್ ಜೋಡಿಯೂ ಸಮ, ನಿಕಾನ್ ಅದರ ಅರ್ಧ.

ಸೋನಿ, ನಿಕಾನ್‌ನಂಥ ಲೆನ್ಸ್ ಬಿಚ್ಚಲಾಗದ ಬ್ರಿಡ್ಜ್ ಕ್ಯಾಮೆರಾಕ್ಕೆ ಇಷ್ಟು ಹಣ ಯಾಕೆ, ಅದೇ ದುಡ್ಡಿಗೆ ಲೆನ್ಸ್ ಬದಲಿಸುವ ಕ್ಯಾಮೆರಾ ಬರುತ್ತದಲ್ಲ ಎಂಬ ಪ್ರಶ್ನೆಯನ್ನು ಇಲ್ಲಿ ಚಿತ್ರ ನೋಡಿ ತೀರ್ಮಾನಿಸಿದ್ದೇವೆ. ಲಾಲ್‌ಬಾಗ್ ಕೆರೆ ದಂಡೆಯ ಬಿಸಿಲು, ಕಬ್ಬನ್ ಪಾರ್ಕಿನ ಮರದಡಿಯ ಮಬ್ಬು, ಹೆಸರಘಟ್ಟ ಹುಲ್ಲುಗಾವಲಿನ ದೂಳು, ಈ ಮೂರು ಕಡೆ ಮೂರನ್ನೂ ಒಂದೇ ಗುರಿಗೆ, ಒಂದೇ ಶಟರ್ ವೇಗದಲ್ಲಿ ಹಿಡಿದು ನೋಡಿದ್ದು. ಎಲ್ಲವೂ ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದ ಕಚ್ಚಾ ಚಿತ್ರ. ಜೆಪೆಗ್‌ನಲ್ಲಿ ಹೋಲಿಸಿದರೆ ಕಂಪನಿಗಳ ಬಣ್ಣ, ಶಾರ್ಪ್‌ನೆಸ್ ಹೋಲಿಸಿದಂತಾಗುತ್ತದೆ, ಲೆನ್ಸು ಸೆನ್ಸರ್ ಹಿಂದೆ ಉಳಿಯುತ್ತವೆ.

ಮೊದಲು ಲೆನ್ಸಿನ ಬಾಯಿ. ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ. ಇಲ್ಲಿ ನಿಜವಾದ ಫೋಕಲ್ ಲೆಂಗ್ತ್ ಹಾಕಬೇಕು, ಡಬ್ಬದ ಮೇಲೆ ಬರೆದಿರುವ 600, 2000 ಎಂಬ ಸಮಾನಾಂಕಗಳನ್ನಲ್ಲ (ಹಳೆಯ ಫಿಲ್ಮಿನಷ್ಟು ದೊಡ್ಡ ಫುಲ್‌ಫ್ರೇಮ್ ಸೆನ್ಸರಿನಲ್ಲಿ ಅಷ್ಟೇ ದೃಶ್ಯ ಹಿಡಿಯಲು ಬೇಕಾಗುವ ಫೋಕಲ್ ಲೆಂಗ್ತ್ ಅದು). ಸೋನಿಯ ತುದಿ 220 ಮಿಮೀ, ಎಫ್/4. ವ್ಯಾಸ 55 ಮಿಮೀ. ನಿಕಾನ್ 357 ಮಿಮೀ, ಎಫ್/6.5. ಅದೂ 55 ಮಿಮೀ. ಕ್ಯಾನನ್ 400 ಮಿಮೀ, ಎಫ್/8. 50 ಮಿಮೀ. ಅಂದರೆ ದೂರದ ಹಕ್ಕಿಯಿಂದ ಮೂರೂ ಕ್ಯಾಮೆರಾಗಳು ಬಾಚಿಕೊಳ್ಳುವ ಬೆಳಕು ಹೆಚ್ಚು ಕಡಿಮೆ ಒಂದೇ. ಅಂಗಡಿಯವರು ಸೆನ್ಸರ್ ಗಾತ್ರವನ್ನೇ ಹಿಡಿದುಕೊಂಡು ಮಾತಾಡುತ್ತಾರೆ, ಈ ಭಾಗಾಕಾರ ಯಾರೂ ಹೇಳುವುದಿಲ್ಲ.

ಸೆನ್ಸರ್ ಗಾತ್ರದಲ್ಲಿ ಅಂತರ ಇದೆ, ಸಣ್ಣದೇನಲ್ಲ. ಸೋನಿಯ 1 ಇಂಚಿನ ಸೆನ್ಸರ್ 13.2 × 8.8 ಮಿಮೀ, ಕ್ಯಾನನ್‌ನ ಎಪಿಎಸ್-ಸಿ 22.3 × 14.9 ಮಿಮೀ, ಅಂದರೆ ವಿಸ್ತೀರ್ಣದಲ್ಲಿ ಸುಮಾರು 2.9 ಪಟ್ಟು. ನಿಕಾನ್‌ನದು ಸೋನಿಯ ಕಾಲು ಭಾಗ. ದೊಡ್ಡ ಸೆನ್ಸರಿನಿಂದ ಕ್ಯಾನನ್‌ಗೆ ಒಂದೂವರೆ ಸ್ಟಾಪ್ ಲಾಭ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು). ಆದರೆ ಎಫ್/8 ಲೆನ್ಸಿನಿಂದ ಸೋನಿಯ ಎಫ್/4ರ ಎದುರು ಎರಡು ಸ್ಟಾಪ್ ನಷ್ಟ. ಕಬ್ಬನ್ ಪಾರ್ಕಿನ ನೆರಳಲ್ಲಿ 1/500 ಸೆಕೆಂಡಿಗೆ ಸೋನಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆಯ ಅಂಕ) 1600 ಕೇಳಿದರೆ ಕ್ಯಾನನ್ 6400 ಕೇಳುತ್ತದೆ. ಎರಡೂ ಫೈಲುಗಳನ್ನು ಒಂದೇ ಅಳತೆಗೆ ಇಳಿಸಿ ಪಕ್ಕಪಕ್ಕ ಇಟ್ಟರೆ ನಾಯ್ಸ್‌ನಲ್ಲಿ, ಅಂದರೆ ಚಿತ್ರದ ಕಾಳುಕಾಳಿನಲ್ಲಿ, ಯಾವುದು ಯಾವುದೆಂದು ಹೇಳುವುದು ಕಷ್ಟ. ಸೋನಿ ಕೂದಲೆಳೆಯಷ್ಟು ಮುಂದೆ ಎನ್ನಬಹುದು. ಹಿಂದಿನ ಎಲೆಗಳ ಮಸುಕು ಕೂಡ ಅಷ್ಟಕ್ಕಷ್ಟೇ. ಆರ್10ರಂಥ ಕ್ಯಾಮೆರಾಗಳ ಬಗ್ಗೆ ಹೇಳುವ 'ಮಿರರ್‌ಲೆಸ್ ಅಂದಮೇಲೆ ಕ್ವಾಲಿಟಿ ಜಾಸ್ತಿ' ಎಂಬ ಮಾತು ಈ ಅಗ್ಗದ ಟೆಲಿ ಲೆನ್ಸ್ ಹಾಕಿದಾಗ ನಿಲ್ಲುವುದಿಲ್ಲ.

ಇನ್ನು ಹಕ್ಕಿ ಎಷ್ಟು ದೊಡ್ಡದಾಗಿ ಸಿಗುತ್ತದೆ ಎಂಬುದು. 28 ಸೆಂಮೀ ಉದ್ದದ ಬಿಳಿಯೆದೆಯ ಮಿಂಚುಳ್ಳಿ 30 ಮೀಟರ್ ದೂರದ ಕೊಂಬೆಯ ಮೇಲೆ ಕೂತಿದೆ ಎನ್ನಿ. ಪೂರ್ತಿ ಜೂಮ್‌ನಲ್ಲಿ ಅದರ ಉದ್ದಕ್ಕೆ ಸೋನಿಯಲ್ಲಿ ಸುಮಾರು 850 ಪಿಕ್ಸೆಲ್, ಕ್ಯಾನನ್‌ನಲ್ಲಿ 1,000, ನಿಕಾನ್‌ನಲ್ಲಿ 2,400ಕ್ಕೂ ಮೇಲೆ ಬೀಳುತ್ತವೆ. ಮೊಬೈಲಿನಲ್ಲಿ ನೋಡಲು 850 ಧಾರಾಳ. 300 ಡಿಪಿಐ ಪ್ರಿಂಟ್ ಹಾಕಿಸಿದರೆ ಹಕ್ಕಿ 7 ಸೆಂಮೀ ಮಾತ್ರ.

ಹಾಗಾದರೆ ನಿಕಾನ್ ಮೂರು ಪಟ್ಟು ಹೆಚ್ಚು ವಿವರ ಕೊಡುತ್ತದೆಯೇ ಎಂದರೆ, ಇಲ್ಲ. ಅದರ ಪಿಕ್ಸೆಲ್ 1.34 ಮೈಕ್ರಾನ್. ಎಫ್/6.5ರಲ್ಲಿ ಬೆಳಕು ಡಿಫ್ರ್ಯಾಕ್ಷನ್‌ನಿಂದ ಹರಡಿ ಒಂದು ಬಿಂದು ಸುಮಾರು 8.7 ಮೈಕ್ರಾನ್ ಚುಕ್ಕೆಯಾಗುತ್ತದೆ, ಅಂದರೆ ಆರು ಪಿಕ್ಸೆಲ್‌ಗಳ ಅಗಲ. ಕೊನೆಯ ಜೂಮ್‌ನ ಪಿಕ್ಸೆಲ್‌ಗಳಲ್ಲಿ ಬಹುಪಾಲು ಹೊಸ ವಿವರವಿಲ್ಲದ ಬರೀ ಹಿಗ್ಗುವಿಕೆ. ಲೆಕ್ಕದ ಪ್ರಕಾರ ಸೋನಿಗಿಂತ ಎರಡು ಪಟ್ಟು ವಿವರ ಅದರ ಮೇಲ್ಮಿತಿ, ಅದೂ ಬಿಸಿಲು ಚೆನ್ನಾಗಿದ್ದು ಗಾಳಿ ತಣ್ಣಗಿದ್ದರೆ. ಲಾಲ್‌ಬಾಗ್ ಕೆರೆಯಲ್ಲಿ ರೆಕ್ಕೆ ಒಣಗಿಸುತ್ತ ಕೂತ ನೀರುಕಾಗೆಯ ಕತ್ತಿನ ಗರಿಗಳು ಬೆಳಗಿನ ಒಳ್ಳೆ ಬಿಸಿಲಲ್ಲಿ ನಿಕಾನ್‌ನಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ, ಸೋನಿಯ ಕ್ರಾಪ್‌ನಲ್ಲಿ ಕೂಡಿಕೊಂಡು ಕಪ್ಪು ಪಟ್ಟೆಯಾಗುತ್ತವೆ. ಇದು ನಿಕಾನ್ ಗೆಲ್ಲುವ ಜಾಗ, ಅರ್ಧ ಬೆಲೆಗೆ ಗೆಲ್ಲುತ್ತದೆ. ಅದೇ ಹಕ್ಕಿ ನೆರಳಿಗೆ ಹೋದರೆ ಮುಗಿಯಿತು. ಐಎಸ್‌ಒ 400 ದಾಟಿದ ಕೂಡಲೇ ಗರಿಗಳು ಬಣ್ಣದ ಗೀಟುಗಳಂತೆ ಕಲಸಿಹೋಗುತ್ತವೆ, 1600ರಲ್ಲಿ ಹಕ್ಕಿ ಯಾವುದೆಂದು ಗುರುತಿಸಲು ಮಾತ್ರ ಫೋಟೊ ಉಪಯೋಗ. ನಿಕಾನ್ ಕೊಂಡವರು 1200-1400 ಸಮಾನಾಂಕದ ಹತ್ತಿರ ನಿಂತು ಉಳಿದದ್ದನ್ನು ಕ್ರಾಪ್ ಮಾಡುವುದು ಮೇಲು. ಕೈ ನಡುಕವೂ ಕಡಿಮೆ, ಹಕ್ಕಿ ಫ್ರೇಮಿನಿಂದ ಜಾರುವುದೂ ಕಡಿಮೆ. ಜಾರಿದರೆ ಲೆನ್ಸ್ ಪಕ್ಕದ ಬಟನ್ ಒತ್ತಿ ಹಿಡಿಯಿರಿ, ಜೂಮ್ ಹಿಂದೆ ಸರಿಯುತ್ತದೆ. ಹಕ್ಕಿಯನ್ನು ನಡುವಿಗೆ ತಂದು ಬಿಟ್ಟರೆ ಮತ್ತೆ ಮುಂದೆ ಹೋಗುತ್ತದೆ.

ಹೆಸರಘಟ್ಟದಲ್ಲಿ ಬಿಸಿಲೇರಿ ನೆಲ ಕಾದಮೇಲೆ ಈ ವ್ಯತ್ಯಾಸಗಳೆಲ್ಲ ಮಾಯ. ಹುಲ್ಲಿನ ಮೇಲಿನ ಬಿಸಿ ಗಾಳಿ ನಡುಗಿ 100 ಮೀಟರ್ ಆಚೆಯ ಗಿಡುಗ ಮೂರರಲ್ಲೂ ಒಂದೇ ರೀತಿ ಕದಡಿ ಬರುತ್ತದೆ. ಫೋಕಸ್ ತಪ್ಪಿದೆ ಎಂದು ಕ್ಯಾಮೆರಾ ಬೈಯುವವರು ಬಹುಪಾಲು ಬೈಯಬೇಕಾದ್ದು ಗಾಳಿಯನ್ನು.

ಹಾರುವ ಹಕ್ಕಿಗೆ ನಿಕಾನ್ ಲೆಕ್ಕಕ್ಕೇ ಇಲ್ಲ. ಚಿತ್ರದ ಸ್ಪಷ್ಟತೆ ನೋಡಿ ಹೊಂದಿಸುವ ಕಾಂಟ್ರಾಸ್ಟ್ ಫೋಕಸ್ ಹಿಂದೆ ಮುಂದೆ ಹುಡುಕಾಡುವಷ್ಟರಲ್ಲಿ ಹಕ್ಕಿ ಕೆರೆ ದಾಟಿರುತ್ತದೆ. ಸೆಕೆಂಡಿಗೆ 7ರಂತೆ ಹತ್ತು ಚಿತ್ರ ತೆಗೆದು ನಿಲ್ಲುತ್ತದೆ, ಆಮೇಲೆ ಕಾಯಬೇಕು. ಸೋನಿಯಲ್ಲಿ ಫೋಕಸ್ ಯಾವ ಕಡೆ ಸರಿಯಬೇಕೆಂದು ನೇರವಾಗಿ ಹೇಳುವ 315 ಫೇಸ್ ಡಿಟೆಕ್ಷನ್ ಬಿಂದುಗಳಿವೆ, ಫೋಕಸ್ ಹಿಂಬಾಲಿಸುತ್ತ ಸೆಕೆಂಡಿಗೆ 24 ಚಿತ್ರ ಹೊಡೆಯುತ್ತದೆ. ಆಕಾಶದ ಹಿನ್ನೆಲೆಯಲ್ಲಿ ಸುತ್ತುವ ಹದ್ದಿಗೆ ಇಷ್ಟು ಸಾಕು. ಆದರೆ ಹಕ್ಕಿಯನ್ನು ಹಕ್ಕಿ ಎಂದು ಗುರುತಿಸುವ ಬುದ್ಧಿ ಸೋನಿಗಿಲ್ಲ. ಹುಲ್ಲಿನ ಮುಂದೆ ತಗ್ಗಿನಲ್ಲಿ ಹಾರುವ ನೀಲಕಂಠವನ್ನು ಬಿಟ್ಟು ಹುಲ್ಲಿಗೇ ಅಂಟಿಕೊಳ್ಳುತ್ತದೆ. ಕ್ಯಾನನ್ ಆರ್10 ಹಕ್ಕಿಯ ಕಣ್ಣನ್ನು ಹುಡುಕಿ ಹಿಡಿಯುತ್ತದೆ, ಇಲ್ಲಿ ಅದೇ ಮೇಲುಗೈ. ಅದರ ಎಲೆಕ್ಟ್ರಾನಿಕ್ ಶಟರ್‌ನ ಸೆಕೆಂಡಿಗೆ 23ಕ್ಕೆ ಮರುಳಾಗಬೇಡಿ. ಸೆನ್ಸರ್ ಓದುವುದು ನಿಧಾನವಾದ್ದರಿಂದ ಬಡಿಯುವ ರೆಕ್ಕೆ ಸೊಟ್ಟಗೆ ಬರುತ್ತದೆ. ಮೆಕ್ಯಾನಿಕಲ್ ಶಟರ್‌ನ 15ರಲ್ಲಿ ಆ ತೊಂದರೆ ಇಲ್ಲ. ಸೋನಿಯ ಸ್ಟ್ಯಾಕ್ಡ್ ಸೆನ್ಸರ್ ಬೇಗ ಓದುವುದರಿಂದ ರೆಕ್ಕೆ ನೆಟ್ಟಗಿರುತ್ತದೆ, ಆದರೆ ಕಾರ್ಡ್ ಸ್ಲಾಟ್ ನಿಧಾನಗತಿಯ ಯುಎಚ್‌ಎಸ್-1 ಮಾತ್ರ. ಉದ್ದದ ಬರ್ಸ್ಟ್ ಹೊಡೆದರೆ ಅದು ಬರೆದು ಮುಗಿಸುವವರೆಗೂ ಕೆಲವು ಮೆನುಗಳು ತೆರೆಯುವುದಿಲ್ಲ. ದುಬಾರಿ ಯುಎಚ್‌ಎಸ್-2 ಕಾರ್ಡ್ ಹಾಕಿ ಪ್ರಯೋಜನವಿಲ್ಲ, ಬೆರಳನ್ನು ಅರ್ಧ ಸೆಕೆಂಡಿನಲ್ಲಿ ಎತ್ತುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಸೋನಿಯಲ್ಲಿ ಮರೆಯಬಾರದ ಸೆಟ್ಟಿಂಗ್‌ಗಳು: ಲೆನ್ಸ್ ಮೇಲಿನ ಫೋಕಸ್ ಲಿಮಿಟರ್ ಅನ್ನು 3 ಮೀಟರ್‌ನಿಂದ ಅನಂತಕ್ಕೆ ಇಡಿ, ಇಲ್ಲದಿದ್ದರೆ ಮುಂದಿನ ಕೊಂಬೆಯನ್ನು ಹುಡುಕುತ್ತ ಕೂರುತ್ತದೆ. ಜೂಮ್ ವೇಗ 'ಫಾಸ್ಟ್'. ಅಪರ್ಚರ್ ಎಫ್/4 ಅಥವಾ ಹೆಚ್ಚೆಂದರೆ ಎಫ್/5.6. ಎಫ್/8ಕ್ಕೆ ಹೋದರೆ ಡಿಫ್ರ್ಯಾಕ್ಷನ್ ಚುಕ್ಕೆ ನಾಲ್ಕು ಪಿಕ್ಸೆಲ್ ದಾಟುತ್ತದೆ, ಚಿತ್ರ ಮೆತ್ತಗಾಗುತ್ತದೆ. ಲ್ಯಾಂಡ್‌ಸ್ಕೇಪ್‌ಗೆ ಎಫ್/11 ಇಡುವ ಹಳೆಯ ರೂಢಿ ಇಲ್ಲಿ ನಡೆಯುವುದಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಜೂಮ್ ಮತ್ತೆ 24ರಿಂದ ಶುರು, ಹಕ್ಕಿ ಮುಂದಿರುವಾಗ ಬ್ಯಾಟರಿ ಉಳಿಸಲು ಹೋಗಬೇಡಿ. ಎನ್‌ಪಿ-ಎಫ್‌ಡಬ್ಲ್ಯು50 ಪುಟ್ಟ ಬ್ಯಾಟರಿ, ಜೇಬಿನಲ್ಲಿ ಇನ್ನೆರಡು ಇರಲಿ.

ಚಿಟ್ಟೆಗೆ ಸೋನಿ ಅನಿರೀಕ್ಷಿತವಾಗಿ ಚೆನ್ನ. 600ರಲ್ಲಿಯೇ 72 ಸೆಂಮೀ ಹತ್ತಿರ ಫೋಕಸ್ ಆಗುತ್ತದೆ, ಚಿಟ್ಟೆಗೆ ನಿಮ್ಮ ನೆರಳು ಬೀಳುವುದಿಲ್ಲ. ಕ್ಯಾನನ್ ಲೆನ್ಸ್ ಇನ್ನೂ ಸ್ವಲ್ಪ ದೊಡ್ಡದಾಗಿ ತೋರಿಸುತ್ತದೆ, ಅದರ ಗರಿಷ್ಠ ವರ್ಧನೆ 0.41. ನಿಕಾನ್ ತುದಿ ಜೂಮ್‌ನಲ್ಲಿ 5 ಮೀಟರ್ ದೂರ ಬೇಡುತ್ತದೆ.

ಇಲ್ಲಿಯವರೆಗೆ ಸೋನಿಯೂ ಕ್ಯಾನನ್ನೂ ಸರಿಸಮ. ಬೆಲೆ ಸಾರ್ಥಕವೋ ಇಲ್ಲವೋ ತೀರ್ಮಾನವಾಗುವುದು ಮಿಕ್ಕ ಜೂಮ್‌ನಲ್ಲಿ. ಕ್ಯಾನನ್‌ನ 100-400 ಶುರುವಾಗುವುದೇ 160 ಸಮಾನಾಂಕದಿಂದ. ರಂಗನತಿಟ್ಟಿನ ದೋಣಿಯಲ್ಲಿ ಹೆಜ್ಜಾರ್ಲೆ ತಲೆಯ ಮೇಲೆಯೇ ಹಾರಿದರೆ ಅರ್ಧ ರೆಕ್ಕೆ ಮಾತ್ರ ಸಿಗುತ್ತದೆ, ಬಂಡೆಯ ಮೇಲಿನ ಮೊಸಳೆಯ ಜೊತೆ ಹೊಳೆಯನ್ನೂ ತೋರಿಸಬೇಕೆಂದರೆ ಲೆನ್ಸ್ ಬದಲಿಸಬೇಕು. ಅಲ್ಲಾಡುವ ದೋಣಿಯಲ್ಲಿ, ಹೆಸರಘಟ್ಟದ ಕೆಂಪು ದೂಳಿನಲ್ಲಿ ಲೆನ್ಸ್ ಬಿಚ್ಚುವುದು ಬುದ್ಧಿವಂತಿಕೆಯಲ್ಲ. ಸೋನಿ 24ರಿಂದ 600ರವರೆಗೆ ಉಂಗುರ ತಿರುಗಿಸಿದರೆ ಸಾಕು. ವಿಡಿಯೊ ಮಾಡುವವರಿಗೆ 4ಕೆ, ಎಸ್-ಲಾಗ್ (ಆಮೇಲೆ ಬಣ್ಣ ತಿದ್ದಲು ಅನುಕೂಲವಾದ ವಿಡಿಯೊ ಬಗೆ), ಮೈಕ್ ಹಾಗೂ ಹೆಡ್‌ಫೋನ್ ಎರಡಕ್ಕೂ ಜಾಕ್ ಇವೆ. ಆರ್10ರಲ್ಲಿ ಹೆಡ್‌ಫೋನ್ ಜಾಕ್ ಇಲ್ಲ.

ಇನ್ನೊಂದು ಮಗ್ಗುಲು ಕಲ್ಯಾಣ ಮಂಟಪ. ಎಫ್/2.4 ಎಂದು ಮುಂದೆ ಬರೆದಿದ್ದರೂ ಅದು 24ರಲ್ಲಿ ಮಾತ್ರ. 100 ಸಮಾನಾಂಕದ ಹೊತ್ತಿಗೆ ಎಫ್/4 ಆಗಿರುತ್ತದೆ. 1 ಇಂಚಿನ ಸೆನ್ಸರಿನಲ್ಲಿ ಅದು ಫುಲ್‌ಫ್ರೇಮಿನ ಎಫ್/11ಕ್ಕೆ ಸಮ. ವಧೂವರರ ಹಿಂದಿನ ಹೂವಿನ ಅಲಂಕಾರವೆಲ್ಲ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ, ಟ್ಯೂಬ್‌ಲೈಟ್ ಬೆಳಕಲ್ಲಿ ಐಎಸ್‌ಒ 3200ರ ನಾಯ್ಸ್ ಬೇರೆ. ಆರ್10ಕ್ಕೆ 160 ಗ್ರಾಮಿನ ಆರ್‌ಎಫ್ 50 ಮಿಮೀ ಎಫ್/1.8 ಹಾಕಿದರೆ ಇದೇ ಮಂಟಪದಲ್ಲಿ ಹತ್ತು ಪಟ್ಟು ಬೆಳಕು. ಸೋನಿ ಇಲ್ಲಿ ಹತ್ತಿರ ಸುಳಿಯುವುದಿಲ್ಲ, ಮುಂದೆಯೂ ಸುಳಿಯಲಾರದು, ಯಾಕೆಂದರೆ ಅದರ ಲೆನ್ಸ್ ಬದಲಾಗುವುದಿಲ್ಲ.

ಆದ್ದರಿಂದ ಮನೆ, ಮಕ್ಕಳು, ಸಮಾರಂಭ, ಜೊತೆಗೆ ಭಾನುವಾರದ ಹಕ್ಕಿ ಎನ್ನುವವರು ಕ್ಯಾನನ್ ಕಡೆ ಹೋಗಲಿ. ಹಕ್ಕಿ ಪಟ್ಟಿ ಬರೆದುಕೊಳ್ಳುವವರು, ಗುರುತಿಗೆ ಸಾಕ್ಷಿ ಬೇಕೆನ್ನುವವರು, ಚಂದ್ರನ ಕುಳಿ ನೋಡುವ ಮಕ್ಕಳಿರುವವರು ನಿಕಾನ್ ಕೊಂಡು ಉಳಿದ ದುಡ್ಡಲ್ಲಿ ಒಳ್ಳೆ ಬೈನಾಕ್ಯುಲರ್ ತೆಗೆದುಕೊಳ್ಳಲಿ. ಸೋನಿಗೆ ಪೂರ್ತಿ ಬೆಲೆ ಕೊಡಬೇಕಾದವರು ಕಾಡು, ಕೆರೆ, ಪ್ರವಾಸ ಎಂದು ಹಗಲು ಬೆಳಕಲ್ಲೇ ಸುತ್ತುವವರು, ಒಂದೇ ದಿನ 24ನ್ನೂ 600ನ್ನೂ ಬಳಸುವವರು. ಮೂರು ತಿಂಗಳ ಹಳೆಯ ಫೋಟೊಗಳ ಫೈಲ್ ಮಾಹಿತಿ ತೆಗೆದು ನೋಡಿ. ಎಲ್ಲವೂ ತುದಿ ಜೂಮ್‌ನಲ್ಲೇ ಇದ್ದರೆ ಸೋನಿಯ ಅರ್ಧ ಲೆನ್ಸಿಗೆ ಸುಮ್ಮನೆ ಹಣ ಕೊಟ್ಟಂತೆ. 400 ಸಮಾನಾಂಕ ಸಾಕೆನ್ನುವವರಿಗೆ ಪ್ಯಾನಸಾನಿಕ್ ಎಫ್‌ಝಡ್1000 ಮಾರ್ಕ್ 2 ಕೂಡ 1 ಇಂಚಿನ ಸೆನ್ಸರಿನದೇ, ಹಗುರವೂ ಹೌದು. ಹಕ್ಕಿಗೆ ಮಾತ್ರ 400 ಕಡಿಮೆ ಬೀಳುತ್ತದೆ.

ಸೋನಿ 2017ರ ಮಾದರಿಯಾದ್ದರಿಂದ ಸೆಕೆಂಡ್ ಹ್ಯಾಂಡ್ ನೋಡುವವರೇ ಹೆಚ್ಚು. ಜಿಎಸ್‌ಟಿ ಬಿಲ್ ಮತ್ತು ಸೀರಿಯಲ್ ನಂಬರ್ ತಾಳೆ ನೋಡಿ. ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಹಿಡಿದು ಒಳಗೆ ಬೂಷ್ಟಿನ ಎಳೆಗಳಿವೆಯೇ ನೋಡಿ, ಮಳೆಗಾಲದಲ್ಲಿ ಬೀರುವಿನಲ್ಲಿ ಮುಚ್ಚಿಟ್ಟ ಕ್ಯಾಮೆರಾಗಳ ಮೊದಲ ಕಾಯಿಲೆ ಅದು. ದಿನಪತ್ರಿಕೆಯ ಜೋಡಿ ಪುಟ ಬಿಡಿಸಿ ಗೋಡೆಗೆ ಅಂಟಿಸಿ, 10 ಮೀಟರ್ ದೂರದಿಂದ 600ರಲ್ಲಿ ಎಫ್/4 ಇಟ್ಟು ಟ್ರೈಪಾಡ್ ಮೇಲಿಂದ ತೆಗೆಯಿರಿ. ಪುಟ ಹೆಚ್ಚು ಕಡಿಮೆ ಫ್ರೇಮ್ ತುಂಬುತ್ತದೆ. ನಾಲ್ಕು ಮೂಲೆಯ ಅಕ್ಷರಗಳಲ್ಲಿ ಒಂದು ಕಡೆ ಮಾತ್ರ ಒತ್ತಕ್ಷರಗಳು ಕಲಸಿಹೋಗಿದ್ದರೆ ಲೆನ್ಸಿನ ಗಾಜು ವಾಲಿದೆ ಎಂದರ್ಥ. ಕಡೆಗೆ ಎಫ್/11 ಇಟ್ಟು, ಫೋಕಸ್ ಕೆಡಿಸಿ, ಬರೀ ಆಕಾಶದ ಒಂದು ಚಿತ್ರ. ಅದರಲ್ಲಿ ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ದೂಳು ಕೂತಿದೆ. ಆರ್10ರಲ್ಲಾದರೆ ಲೆನ್ಸ್ ತೆಗೆದು ಬ್ಲೋವರ್‌ನಲ್ಲಿ ಊದಿದರೆ ಸಾಮಾನ್ಯವಾಗಿ ಹೋಗುತ್ತದೆ. ಸೋನಿಯಲ್ಲಿ ಅದಕ್ಕೆ ಇಡೀ ಲೆನ್ಸ್ ಬಿಚ್ಚಬೇಕು, ಬಿಚ್ಚಿ ಕೂಡಿಸುವಾಗ ಗಾಜು ಮೊದಲಿನ ಜಾಗಕ್ಕೇ ಕೂರುತ್ತದೆಂಬ ಭರವಸೆಯಿಲ್ಲ. ಎಷ್ಟೇ ಇಳಿಸಿ ಕೊಟ್ಟರೂ ಅಂಥದ್ದನ್ನು ಬಿಟ್ಟು ಬನ್ನಿ.