ಮನೆ, ಅಂಗಡಿ, ಲ್ಯಾಪ್‌ಟಾಪ್ ಮೂರಕ್ಕೂ ಒಂದೇ ಸೆಟ್ಟಿಂಗ್: ನಾಲ್ಕು ವರ್ಷ ಶೇಮ್ವಾ ಬಳಸಿದ ಮೇಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಉಂಟು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ನೋಟೀಸು, ಶಾಲೆಗಳ ಪ್ರಶ್ನೆಪತ್ರಿಕೆ, ಮತ್ತೆ ಮಲಯಾಳದಲ್ಲಿ ಬಂದ ಸರ್ಕಾರಿ ಕಾಗದಗಳನ್ನು ಕನ್ನಡ ಮಾಡಿಕೊಡುವುದು. ಇದೇ ಕೆಲಸ. ಅಂಗಡಿಯಲ್ಲಿ ಒಂದು ಕಂಪ್ಯೂಟರ್, ಮನೆಯಲ್ಲಿ ಒಂದು, ಓಡಾಟಕ್ಕೆ ಒಂದು ಲ್ಯಾಪ್‌ಟಾಪ್. ಮೂರರಲ್ಲೂ ಲಿನಕ್ಸ್. ಈ ಮೂರರ ಸೆಟ್ಟಿಂಗುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳಲು ನಾನು ಬಳಸುವ ತಂತ್ರಾಂಶವೇ ಶೇಮ್ವಾ. ಕೇರಳದ ಶಾಲೆಗಳಲ್ಲಿ ಕಲಿತವರಿಗೆ ಇದೇನೂ ಹೊಸತಲ್ಲ, ನಾವು ಕನ್ನಡ ಮಾಧ್ಯಮದವರೂ ಐಟಿ ಪರೀಕ್ಷೆ ಬರೆದದ್ದು ಲಿನಕ್ಸಿನಲ್ಲೇ.

ಎರಡು ಭಾಷೆಯಲ್ಲಿ ಕೆಲಸ ಮಾಡುವವರಿಗೆ ಸೆಟ್ಟಿಂಗ್ ಅಂದರೆ ಸಣ್ಣ ವಿಷಯ ಅಲ್ಲ. ಕನ್ನಡಕ್ಕೆ ಕೆಜಿಪಿ ಕೀಲಿಮಣೆ, ಮಲಯಾಳಕ್ಕೆ ಇನ್‌ಸ್ಕ್ರಿಪ್ಟ್, ಒಂದರಿಂದ ಇನ್ನೊಂದಕ್ಕೆ ಹೋಗಲು ಬೇಕಾದ ಕೀ, ಯಾವ ಫಾಂಟ್ ಮೊದಲು ಯಾವುದು ಆಮೇಲೆ, ಪಿಡಿಎಫ್ ಮಾಡಲು ನಾನೇ ಬರೆದುಕೊಂಡ ಸ್ಕ್ರಿಪ್ಟುಗಳು. ಇವುಗಳಲ್ಲಿ ಹೆಚ್ಚಿನವು ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ, ಸುಮ್ನೆ ನೋಡಿದರೆ ಕಾಣದ ಫೈಲುಗಳಲ್ಲಿ ಇರುತ್ತವೆ. ಡಾಟ್‌ಫೈಲ್ ಅಂತ ಹೇಳುವುದು ಅದಕ್ಕೇ. ಮೊದಲು ಅದನ್ನೆಲ್ಲ ಪೆನ್‌ಡ್ರೈವಿನಲ್ಲಿ ಹಾಕಿ ತಿರುಗಾಡಿಸುತ್ತಿದ್ದೆ. ಆಮೇಲೆ ಗ್ನೂ ಸ್ಟೋ ಬಳಸಿದೆ. ಅದು ಒಳ್ಳೆಯ ಟೂಲೇ, ಫೈಲುಗಳನ್ನು ಒಂದು ಕಡೆ ಇಟ್ಟು ಹೋಮ್ ಫೋಲ್ಡರಿಗೆ ಸಿಮ್‌ಲಿಂಕ್, ಅಂದರೆ ಮೂಲ ಫೈಲಿನ ಕಡೆ ಕೈತೋರಿಸುವ ಕೊಂಡಿ, ಕೊಡುತ್ತದೆ. ಆದರೆ ಕೆಲವು ಪ್ರೋಗ್ರಾಮುಗಳು ಸೇವ್ ಮಾಡುವಾಗ ಆ ಲಿಂಕನ್ನೇ ತೆಗೆದು ಅಲ್ಲಿ ಹೊಸ ಫೈಲ್ ಇಡುತ್ತವೆ. ಅಲ್ಲಿಗೆ ಸಂಬಂಧ ಕಡಿಯಿತು, ನಮಗೆ ಗೊತ್ತೇ ಆಗುವುದಿಲ್ಲ.

2021ರ ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದಾಗ ಶೇಮ್ವಾ ಹಾಕಿಕೊಂಡೆ. ಹುಡುಕುವವರಿಗೆ ಸ್ಪೆಲ್ಲಿಂಗ್ ಹೇಳುತ್ತೇನೆ: ಸಿ, ಎಚ್, ಇ, ಝಡ್, ಎಂ, ಒ, ಐ. ಫ್ರೆಂಚ್ ಮಾತು, 'ನನ್ನ ಮನೆಯಲ್ಲಿ' ಅಂತ ಅರ್ಥ. ಉಚಿತ, ಮುಕ್ತ ತಂತ್ರಾಂಶ, ಒಂದೇ ಒಂದು ಫೈಲಿನ ಪ್ರೋಗ್ರಾಮ್. ಇದು ಲಿಂಕ್ ಕೊಡುವುದಿಲ್ಲ. ನಮ್ಮ ಫೈಲುಗಳ ಮೂಲ ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ, ಗಿಟ್ ರೆಪೊ (ಫೈಲುಗಳ ಪ್ರತಿ ಬದಲಾವಣೆಯ ದಾಖಲೆಯೂ ಇರುವ ಭಂಡಾರ) ಆಗಿ ಇಟ್ಟುಕೊಳ್ಳುತ್ತದೆ. 'ಅಪ್ಲೈ' ಅಂದಾಗ ಅಲ್ಲಿಂದ ನಿಜವಾದ ಫೈಲನ್ನೇ ಬರೆಯುತ್ತದೆ. 'ಅಪ್‌ಡೇಟ್' ಅಂದರೆ ಗಿಟ್‌ನಿಂದ ಹೊಸತನ್ನು ಎಳೆದುಕೊಂಡು ಅಪ್ಲೈ ಮಾಡುವುದು. ದಿನಾ ಬೇಕಾಗುವುದು ಹೆಚ್ಚೆಂದರೆ ಐದಾರು ಕಮಾಂಡ್.

ನನಗೆ ಇದು ಬಿಡಲಾಗದೆ ಉಳಿದದ್ದು ಟೆಂಪ್ಲೇಟ್‌ಗಾಗಿ. ಮೂರು ಕಂಪ್ಯೂಟರಿಗೂ ಒಂದೇ ಸೆಟ್ಟಿಂಗ್ ಅಂತ ಬಾಯಲ್ಲಿ ಹೇಳುತ್ತೇವೆ, ಪೂರ್ತಿ ಒಂದೇ ಇರಲು ಸಾಧ್ಯವಿಲ್ಲ ಅಲ್ವಾ? ಅಂಗಡಿಯದ್ದಕ್ಕೆ ಮಾತ್ರ ದೊಡ್ಡ ಪ್ರಿಂಟರ್ ಉಂಟು, ಹಳೇ ಲಿಪಿಯ ಮಲಯಾಳ ಬೇಕು ಅನ್ನುವ ಗಿರಾಕಿಗಳಿಗಾಗಿ ರಚನ ಫಾಂಟ್ ಮೊದಲು ಬರಬೇಕು. ಲ್ಯಾಪ್‌ಟಾಪಿನಲ್ಲಿ ಅದರ ಅಗತ್ಯ ಇಲ್ಲ. ಒಂದೇ ಫೈಲಿನಲ್ಲಿ, ಹೋಸ್ಟ್‌ನೇಮ್ (ಕಂಪ್ಯೂಟರಿಗೆ ಕೊಟ್ಟ ಹೆಸರು) 'ಅಂಗಡಿ' ಆಗಿದ್ದರೆ ಈ ನಾಲ್ಕು ಸಾಲು, ಇಲ್ಲದಿದ್ದರೆ ಆ ನಾಲ್ಕು ಸಾಲು ಅಂತ ಬರೆದಿಟ್ಟರೆ ಸಾಕು. ಬರೆಯುವ ರೀತಿ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಟೆಂಪ್ಲೇಟಿನದ್ದು, ಎರಡೆರಡು ಪುಷ್ಪಾವರಣದ ಮಧ್ಯೆ. ಮೊದಲ ವಾರ ತಲೆ ತಿನ್ನುತ್ತದೆ. ಆಮೇಲೆ ಕೈಗೆ ಹತ್ತುತ್ತದೆ.

ಕೀಲಿಮಣೆಯದ್ದೇ ದೊಡ್ಡ ಗೋಳು. ಗ್ನೋಮ್ ಎಂಬ ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಕೀಲಿಮಣೆಯ ಆಯ್ಕೆಗಳು ಸಾದಾ ಬರಹದ (ಟೆಕ್ಸ್ಟ್) ಫೈಲಿನಲ್ಲಿ ಇರುವುದಿಲ್ಲ, ಡಿಕಾನ್ಫ್ ಎಂಬ ಬೈನರಿ ಡೇಟಾಬೇಸಿನ ಒಳಗೆ ಇರುತ್ತವೆ. ಆ ಡೇಟಾಬೇಸನ್ನೇ ಸಿಂಕ್ ಮಾಡಲು ಹೋದರೆ ಕಿಟಕಿಯ ಅಳತೆಯಿಂದ ಹಿಡಿದು ಬೇಡದ್ದೆಲ್ಲ ಜೊತೆಗೆ ಬರುತ್ತದೆ. ನಾನು ಮಾಡಿದ್ದು ಇಷ್ಟು. ಡಿಕಾನ್ಫ್ ಡಂಪ್ ಕೊಟ್ಟು ಇನ್‌ಪುಟ್ ಸೋರ್ಸ್ ಭಾಗವನ್ನು ಮಾತ್ರ ಒಂದು ಸಣ್ಣ ಬರಹದ ಫೈಲಾಗಿ ತೆಗೆದೆ. ಅದನ್ನು ವಾಪಸ್ ಲೋಡ್ ಮಾಡುವ ಸ್ಕ್ರಿಪ್ಟಿನ ಹೆಸರು 'ರನ್ ಆನ್‌ಚೇಂಜ್' ಅಂತ ಶುರುವಾಗುವ ಹಾಗೆ ಇಟ್ಟೆ. ಆ ಹೆಸರಿನ ಸ್ಕ್ರಿಪ್ಟನ್ನು ಶೇಮ್ವಾ ಅದರ ಒಳಗಿನ ಬರಹ ಬದಲಾದಾಗ ಮಾತ್ರ ಓಡಿಸುತ್ತದೆ. ಹಾಗಾಗಿ ಸ್ಕ್ರಿಪ್ಟನ್ನು ಟೆಂಪ್ಲೇಟ್ ಮಾಡಿ, ಮೇಲೆ ಒಂದು ಕಮೆಂಟ್ ಸಾಲಿನಲ್ಲಿ ಡಂಪ್ ಫೈಲಿನ ಹ್ಯಾಶ್ (ಒಳಗಿನ ಬರಹದಿಂದ ಲೆಕ್ಕ ಹಾಕಿದ ಗುರುತು) ಬರುವಂತೆ ಮಾಡಬೇಕು. ಡಂಪ್ ಬದಲಾದರೆ ಹ್ಯಾಶ್ ಬದಲಾಗುತ್ತದೆ, ಸ್ಕ್ರಿಪ್ಟ್ ಓಡುತ್ತದೆ, ಕೆಜಿಪಿ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಮೊದಲ ಸಲ ಅಂಗಡಿಯಲ್ಲಿ ಅಪ್‌ಡೇಟ್ ಕೊಟ್ಟು, ಬೇರೇನೂ ಮುಟ್ಟದೆ ನೇರವಾಗಿ ಕನ್ನಡ ಟೈಪ್ ಆದಾಗ ಆದ ಖುಷಿ ಈಗಲೂ ನೆನಪಿದೆ.

ಬೇಜಾರಿನ ಸಂಗತಿಗಳೂ ಇವೆ. ಒಂದು ದಿನ ಅಂಗಡಿಯ ಹುಡುಗ ಫೋನ್ ಮಾಡಿದ. "ಅಕ್ಕ, ನೀವು ಮನೆಯಿಂದ ಕಳಿಸಿದ ಕಾಗದ ಇಲ್ಲಿ ಎರಡನೇ ಪುಟಕ್ಕೆ ಹೋಗ್ತಾ ಉಂಟು." ಫಾಂಟ್ ಎಂತದ್ದು ಬರ್ತಾ ಉಂಟು ಅಂತ ಕೇಳಿದರೆ, ನಾನು ತಿಂಗಳ ಹಿಂದೆಯೇ ತೆಗೆದುಹಾಕಿದ ಫಾಂಟಿನ ಹೆಸರು ಹೇಳಿದ. ಮೂಲದ ಫೋಲ್ಡರಿನಿಂದ ನಾನು ಫಾಂಟುಗಳ ಆಯ್ಕೆ ಬರೆದಿಡುವ ಹಳೇ ಫಾಂಟ್‌ಕಾನ್ಫಿಗ್ ಫೈಲನ್ನು ಅಳಿಸಿದ್ದೆ. ಮೂಲದಿಂದ ಅಳಿಸಿದರೆ ಉಳಿದ ಕಂಪ್ಯೂಟರುಗಳಿಂದ ಅದು ತಾನಾಗಿ ಹೋಗುವುದಿಲ್ಲ! ಶೇಮ್ವಾ ಅದರ ಬಗ್ಗೆ ಚಿಂತೆ ಬಿಡುತ್ತದೆ, ಫೈಲ್ ಮಾತ್ರ ಅಲ್ಲೇ ಇರುತ್ತದೆ. ಎಲ್ಲ ಕಡೆಯಿಂದ ತೆಗೆಯಬೇಕಾದರೆ 'ಶೇಮ್ವಾ ರಿಮೂವ್' ಎಂಬ ವಿಶೇಷ ಫೈಲಿನಲ್ಲಿ ಅದರ ಹೆಸರು ಬರೆಯಬೇಕು. ಇದು ದಸ್ತಾವೇಜಿನಲ್ಲಿ ಇದೆ, ಆದರೆ ಹೊಸಬರ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕಿತ್ತು ಅಂತ ನನ್ನ ಅಭಿಪ್ರಾಯ.

ಇನ್ನೊಂದು, ಹೋಮ್ ಫೋಲ್ಡರಿನ ಫೈಲನ್ನೇ ನೇರ ತಿದ್ದುವ ಅಭ್ಯಾಸ. ಹಾಗೆ ತಿದ್ದಿ ಅಪ್ಲೈ ಕೊಟ್ಟರೆ 'ಈ ಫೈಲ್ ಬದಲಾಗಿದೆ, ಏನು ಮಾಡಲಿ' ಅಂತ ಅದು ಕೇಳುತ್ತದೆ. ಅವಸರದಲ್ಲಿ ಎಲ್ಲಕ್ಕೂ ಓವರ್‌ರೈಟ್ ಒತ್ತಿ ಒಂದು ಇಡೀ ದಿನ ಸರಿಮಾಡಿದ ಸ್ಕ್ರಿಪ್ಟ್ ಕಳಕೊಂಡೆ. ಅಂದಿನಿಂದ ಮೊದಲು ವ್ಯತ್ಯಾಸ ತೋರಿಸುವ ಡಿಫ್, ಆಮೇಲೆ ಅಪ್ಲೈ. ತಿದ್ದಿದ್ದನ್ನು ಮೂಲಕ್ಕೆ ಸೇರಿಸಲು 'ರೀ ಆಡ್' ಉಂಟು, ಆದರೆ ಟೆಂಪ್ಲೇಟ್ ಆಗಿರುವ ಫೈಲುಗಳನ್ನು ಅದು ಮುಟ್ಟುವುದಿಲ್ಲ. ಅವಕ್ಕೆ 'ಮರ್ಜ್' ಬಳಸಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ದಯವಿಟ್ಟು ಗಮನ ಕೊಡಿ. ಫೈಲಿನ ಹೆಸರಿನ ಮುಂದೆ 'ಪ್ರೈವೇಟ್' ಅಂತ ಬಂದರೆ ಅದು ಗುಪ್ತವಾಗಿದೆ ಅಂತ ಅರ್ಥ ಅಲ್ಲ. ನಿಮ್ಮ ಕಂಪ್ಯೂಟರಿನ ಬೇರೆ ಬಳಕೆದಾರರಿಗೆ ಓದಲು ಅನುಮತಿ ಇಲ್ಲ, ಅಷ್ಟೇ. ಗಿಟ್‌ಗೆ ಹೋಗುವುದು ತೆರೆದ ಬರಹವೇ. ಪಾಸ್‌ವರ್ಡು, ಕೀ ಇರುವ ಫೈಲನ್ನು ಸೇರಿಸುವಾಗ 'ಎನ್‌ಕ್ರಿಪ್ಟ್' ಅಂತ ಬೇರೆಯಾಗಿ ಕೊಡಬೇಕು. ಹಾಗೆ ಗುಪ್ತಲಿಪಿ ಮಾಡುವ ಟೂಲ್ ಜಿಪಿಜಿ ಅಥವಾ ಏಜ್, ಎರಡರಲ್ಲಿ ಒಂದು. ನಾನು ಏಜ್ ಇಟ್ಟುಕೊಂಡಿದ್ದೇನೆ. ಅದರ ಕೀಯ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಅಮ್ಮನ ಕಪಾಟಿನಲ್ಲಿ ಜಾಗದ ಆಧಾರ ಪತ್ರಗಳ ಜೊತೆ ಇಟ್ಟಿದ್ದೆ.

ಆ ಪೆನ್‌ಡ್ರೈವ್ ಕಳೆದ ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ನನ್ನನ್ನು ಕಾಪಾಡಿತು. ಆ ಸಮಯದ ಸಾಯಂಕಾಲದ ಸಿಡಿಲು ನಮ್ಮ ಕಡೆಯವರಿಗೆ ಗೊತ್ತು. ಪ್ಲಗ್ ತೆಗೆಯಲು ಎದ್ದು ಹೋಗುವಷ್ಟರಲ್ಲಿ ತೋಟದ ಆಚೆ ಎಲ್ಲೋ ಬಡಿಯಿತು, ಮನೆಯ ಕಂಪ್ಯೂಟರಿನ ಮದರ್‌ಬೋರ್ಡೂ ಡಿಸ್ಕೂ ಒಟ್ಟಿಗೆ ಹೋದವು. ಮರುದಿನ ಬೆಳಗ್ಗೆ ಒಂದು ದೇವಸ್ಥಾನದ ಆಮಂತ್ರಣ ಪ್ರೆಸ್ಸಿಗೆ ಹೋಗಬೇಕಿತ್ತು. ಕಡತ ಅಂಗಡಿಯಲ್ಲಿತ್ತು, ಸದ್ಯ. ಪರಿಚಯದವರೊಬ್ಬರ ಹಳೇ ಕಂಪ್ಯೂಟರ್ ತಂದು ಲಿನಕ್ಸ್ ಹಾಕಿದೆ, ಏಜ್ ಕೀ ಅದರ ಜಾಗದಲ್ಲಿ ಇಟ್ಟೆ, ಶೇಮ್ವಾ ಇಳಿಸಿ ನೆಟ್‌ನಲ್ಲಿದ್ದ ರೆಪೊದ ಹೆಸರು ಕೊಟ್ಟು 'ಇನಿಟ್' ಮತ್ತು 'ಅಪ್ಲೈ' ಒಟ್ಟಿಗೆ ಕೊಟ್ಟೆ. ಫೈಲುಗಳು ಬಂದವು, ಸ್ಕ್ರಿಪ್ಟ್ ಓಡಿತು, ಒಮ್ಮೆ ಲಾಗ್ ಔಟ್ ಆಗಿ ಒಳಗೆ ಬಂದಾಗ ಕೀಲಿಮಣೆ, ಫಾಂಟು, ನನ್ನ ಶಾರ್ಟ್‌ಕಟ್ಟುಗಳು ಎಲ್ಲ ಮೊದಲಿನ ಹಾಗೇ ಇದ್ದವು. ರಾತ್ರಿ ಊಟಕ್ಕೆ ಮುಂಚೆ ನಾನು ಆಮಂತ್ರಣ ತಿದ್ದುತ್ತಾ ಕೂತಿದ್ದೆ.

ಒಂದೇ ಕಂಪ್ಯೂಟರ್ ಇರುವವರಿಗೆ, ಗಿಟ್ ಎಂದರೆ ಏನೆಂದೇ ಗೊತ್ತಿಲ್ಲದವರಿಗೆ ಇದನ್ನು ಹಾಕಿ ಅಂತ ಹೇಳುವುದಿಲ್ಲ. ಎರಡು ಮೂರು ಇದ್ದರೆ, ಅದರಲ್ಲೂ ಕನ್ನಡದ ಜೊತೆ ಇನ್ನೊಂದು ಲಿಪಿ ಇದ್ದರೆ, ಧೈರ್ಯವಾಗಿ ಹಾಕಿ. ಮಳೆಗಾಲದಲ್ಲಿ ನೆಟ್ ಹೋದರೆ ಏನು ಅಂತ ಕೇಳುವವರಿಗೆ: ಇದು ಗಿಟ್ ಆದ ಕಾರಣ ಪೆನ್‌ಡ್ರೈವನ್ನೇ ಇನ್ನೊಂದು ರಿಮೋಟ್ (ರೆಪೊದ ಪ್ರತಿ ಇಡುವ ಬೇರೆ ಜಾಗ) ಮಾಡಿಕೊಳ್ಳಬಹುದು. ಮನೆಯಲ್ಲಿ ಅದಕ್ಕೆ ಪುಶ್ (ತುಂಬುವುದು), ಅಂಗಡಿಯಲ್ಲಿ ಅದರಿಂದ ಪುಲ್ (ಎಳೆದುಕೊಳ್ಳುವುದು). ಜೂನ್‌ನಲ್ಲಿ ನಾವು ಹಾಗೇ ಮಾಡುವುದು.