ಗ್ಯಾರೇಜಿಗೆ ಎಪಾಕ್ಸಿ ಹಚ್ಚುತ್ತೇನೆ ಎಂದು ಬಂದರೆ ಮೊದಲು ಡಬ್ಬಿ ಎಣಿಸಿ

ಬೆಳಗಾವಿಯಲ್ಲಿ ಮನೆಯ ಗ್ಯಾರೇಜಿಗೆ ಎಪಾಕ್ಸಿ ನೆಲ, ಅಂದರೆ ಕಾಂಕ್ರೀಟಿನ ಮೇಲೆ ಹಚ್ಚುವ ಗಟ್ಟಿ ಹೊಳಪಿನ ಲೇಪ, ಮಾಡಿಸುವ ಯೋಚನೆ ಇರುವವರು ಮುಂಗಡ ಕೊಡುವ ಮುನ್ನ ಇದನ್ನು ಓದಿ. ಗುತ್ತಿಗೆದಾರನ ಹೆಸರು ಬರೆಯುವುದಿಲ್ಲ, ವಕೀಲರು ಬೇಡ ಎಂದಿದ್ದಾರೆ. ಆದರೆ ಅವನ ಮಾತುಗಳನ್ನು ಬರೆಯಬಾರದೆಂದು ಯಾರೂ ಹೇಳಿಲ್ಲ. ನಿಮ್ಮ ಬಾಗಿಲಿಗೆ ಬಂದರೂ ಅವನು ಇವನ್ನೇ ಹೇಳುತ್ತಾನೆ.

ನಮ್ಮ ಮನೆ ಅನಗೋಳದ ಕಡೆ. ಗ್ಯಾರೇಜಿನದು ಹಳೆಯ ಕಾಂಕ್ರೀಟು, ಸ್ಕೂಟರು ನಿಲ್ಲಿಸುವ ಮೂಲೆಯಲ್ಲಿ ಎಣ್ಣೆಯ ಕಲೆ, ಎಷ್ಟು ಗುಡಿಸಿದರೂ ಮತ್ತೆ ಏಳುವ ಸಿಮೆಂಟಿನ ಧೂಳು. ಈ ಮನುಷ್ಯ ಬಂದವನೇ ಮೊಬೈಲ್ ತೆಗೆದು ಕನ್ನಡಿಯಂತೆ ಹೊಳೆಯುವ ನೆಲಗಳ ಚಿತ್ರ ತೋರಿಸಿದ. "ಉದ್ಯಮಬಾಗದ ಕಾರ್ಖಾನೆಗಳಿಗೆಲ್ಲ ನಾನೇ ಹಾಕಿದ್ದು ಸರ್. ಅಲ್ಲಿ ಫೋರ್ಕ್‌ಲಿಫ್ಟ್ ಓಡಾಡುತ್ತದೆ, ನಿಮ್ಮ ಕಾರು ಯಾವ ಲೆಕ್ಕ? ಹತ್ತು ವರ್ಷ ತಿರುಗಿ ನೋಡಬೇಕಿಲ್ಲ." ಚದರ ಅಡಿಗೆ 70 ರೂಪಾಯಿ, ಅರ್ಧ ಮುಂಗಡ. ಬಿಲ್ ಕೇಳಿದ್ದಕ್ಕೆ, "ಬಿಲ್ ಬೇಕಾದರೆ 18 ಪರ್ಸೆಂಟ್ ಮೇಲೆ ಬೀಳುತ್ತದೆ ಸರ್, ಮನೆಯ ಕೆಲಸಕ್ಕೆ ಯಾರು ಬಿಲ್ ಮಾಡಿಸುತ್ತಾರೆ?" ಎಂದ. ಮನೆಗೆಲಸ ಮಾಡಿಸಿದವರೆಲ್ಲ ಈ ಮಾತು ಕೇಳಿಯೇ ಇರುತ್ತೀರಿ.

ಆಗ ಶ್ರಾವಣ. ಹೊರಗೆ ಬೆಳಗಾವಿಯ ಮಳೆ. ಇಷ್ಟು ತೇವದಲ್ಲಿ ಬಣ್ಣ ಹಿಡಿಯುತ್ತದೆಯೇ ಎಂದು ನಾನೇ ಕೇಳಿದೆ. ಅವನು ಬಗ್ಗಿ ಅಂಗೈಯನ್ನು ನೆಲಕ್ಕೆ ಒತ್ತಿ ತೋರಿಸಿದ. "ನೋಡಿ, ಒಣಗಿದೆ. ಗಣಪತಿ ಕೂರಿಸುವುದರೊಳಗೆ ಮುಗಿಸಿಕೊಡುತ್ತೇನೆ." ಅಂಗೈ! ಕಾಂಕ್ರೀಟಿನ ತೇವ ಅಂಗೈಗೆ ತಿಳಿಯುವಂಥದ್ದಲ್ಲ. ನೆಲದಡಿ ಪ್ಲಾಸ್ಟಿಕ್ ಹಾಳೆ ಹಾಸದೆ ಕಾಂಕ್ರೀಟು ಸುರಿದ ಹಳೆಯ ಮನೆಗಳಲ್ಲಿ ಮಣ್ಣಿನ ತೇವ ಸಣ್ಣ ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತಲೇ ಇರುತ್ತದೆ. ಮೇಲೆ ಬಣ್ಣದ ಪದರ ಕೂತರೆ ಅದು ಹೊರಹೋಗಲು ದಾರಿಯಿಲ್ಲದೆ ಬಣ್ಣವನ್ನೇ ಎತ್ತುತ್ತದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಕನಿಷ್ಠ 16 ಗಂಟೆ ಬಿಡಬೇಕು. ತೆಗೆದಾಗ ಒಳಗೆ ಹನಿ ಕಂಡರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ಆ ನೆಲ ಒಣಗಿಲ್ಲ. ಇಷ್ಟೇ ಪರೀಕ್ಷೆ, ಖರ್ಚು ಹತ್ತು ರೂಪಾಯಿ. ಕಾರ್ಖಾನೆಗಳಿಗೆಲ್ಲ ನೆಲ ಹಾಕಿದವನಿಗೆ ಇದು ಗೊತ್ತಿರಲಿಲ್ಲವೇ?

ಕಾಂಕ್ರೀಟಿನ ಮೇಲ್ಪದರವನ್ನು ಉಜ್ಜುವ ಗ್ರೈಂಡಿಂಗ್ ಯಂತ್ರ ನಾಳೆ ಬರುತ್ತದೆ ಎಂದಿದ್ದ. ಬರಲಿಲ್ಲ. ಬಂದದ್ದು ಇಬ್ಬರು ಹುಡುಗರು, ಒಂದು ಆ್ಯಸಿಡ್ ಕ್ಯಾನು, ಒಂದು ಪೊರಕೆ. ಆ್ಯಸಿಡ್ ಸುರಿದು ನೊರೆ ಎಬ್ಬಿಸಿ, ಎರಡು ಬಕೆಟ್ ನೀರು ಚೆಲ್ಲಿ, ರಾತ್ರಿಯಿಡೀ ಫ್ಯಾನು ಹಾಕಿ, ಮರುದಿನ ಬೆಳಿಗ್ಗೆ ರೋಲರ್ ಉರುಳಿಸಿಯೇ ಬಿಟ್ಟರು. ಎಣ್ಣೆಯ ಕಲೆಯ ಮೇಲೂ ಉರುಳಿಸಿದರು. ಸಂಜೆಗೆ ನೆಲ ಹೊಳೆಯುತ್ತಿತ್ತು, ಉಳಿದ ಹಣ ಪೂರ್ತಿ ಅವನ ಖಾತೆಗೆ ಹೋಯಿತು.

ಅವನು ಹೇಳಿದಷ್ಟು ದಿನ ಕಾದೇ ಕಾರು ಒಳಗೆ ತಂದೆವು. ಹಬ್ಬಕ್ಕೆ ಧಾರವಾಡದಿಂದ ಅಕ್ಕನ ಮನೆಯವರನ್ನು ಕರೆದುಕೊಂಡು ಬಂದು ನಿಲ್ಲಿಸಿದ್ದೆ. ಹೆದ್ದಾರಿಯಲ್ಲಿ ಓಡಿ ಬಂದ ಟೈರು ಬಿಸಿ ಇರುತ್ತದೆ. ಮರುದಿನ ಕಾರು ಹಿಂದಕ್ಕೆ ತೆಗೆದಾಗ ನಾಲ್ಕು ಟೈರುಗಳಿಗೂ ಬಣ್ಣ ಅಂಟಿಕೊಂಡು ಹಪ್ಪಳದ ಹಾಗೆ ಎದ್ದು ಬಂತು. ಎಲ್ಲರ ಎದುರಿಗೆ. "ಇದೇ ಏನು ಕಾರ್ಖಾನೆಯ ನೆಲ?" ಎಂದು ಭಾವ ನಕ್ಕರು. ಆರತಿಗೆ ಬಂದ ಅಕ್ಕಪಕ್ಕದವರೂ ಬಗ್ಗಿ ನೋಡಿ ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ.

ಫೋನ್ ಮಾಡಿದೆ. "ಅದು ಇನ್ನೂ ಸೆಟ್ ಆಗುತ್ತಿದೆ ಸರ್." ಚಿತ್ರ ಕಳುಹಿಸಿದೆ. "ಟೈರು ಯಾವ ಕಂಪನಿಯದು?" ಎಂದು ಉತ್ತರ ಬಂತು. ಟೈರಿನ ಕಂಪನಿ! ಮತ್ತೆ ಕೇಳಿದಾಗ, "ನೀವು ನೀರು ಹಾಕಿ ತೊಳೆದಿದ್ದೀರಿ." ತೊಳೆದಿಲ್ಲ ಎಂದರೆ, "ಬೆಳಗಾವಿಯ ಹವೆಗೆ ನಾನೇನು ಮಾಡಲಿ?" ಅಂಗೈ ಒತ್ತಿ ಒಣಗಿದೆ ಎಂದವನೇ ಈಗ ಹವೆಯ ಮೇಲೆ ಹಾಕುತ್ತಿದ್ದಾನೆ.

ಇನ್ನು ಡಬ್ಬಿಯ ವಿಷಯ. ಹುಡುಗರು ಬಿಟ್ಟು ಹೋದ ಖಾಲಿ ಡಬ್ಬಿಯನ್ನು ನನ್ನ ಹೆಂಡತಿ ಗಿಡ ನೆಡಲು ಎತ್ತಿಟ್ಟಿದ್ದಳು. ಪರಿಚಯದ ಒಬ್ಬ ಮೆಕ್ಯಾನಿಕ್ ಬಂದವರು ಅದನ್ನು ತಿರುಗಿಸಿ ನೋಡಿ, "ಇದರ ಜೋಡಿ ಎಲ್ಲಿ?" ಎಂದರು. ಯಾವ ಜೋಡಿ? ಎಪಾಕ್ಸಿ ಎಂದರೆ ರೆಸಿನ್ ಒಂದು ಡಬ್ಬಿ, ಹಾರ್ಡನರ್ ಇನ್ನೊಂದು. ಎರಡನ್ನೂ ಅಳತೆಯಂತೆ ಬೆರೆಸಿದ ಮೇಲೆಯೇ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ಬೆರೆಸಿದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಹಚ್ಚಿ ಮುಗಿಸಬೇಕು, ಇಲ್ಲದಿದ್ದರೆ ಡಬ್ಬಿಯಲ್ಲೇ ಕಲ್ಲಾಗುತ್ತದೆ. ನಮ್ಮ ಹುಡುಗರು ಚಹಾ ಕುಡಿದು, ಊಟ ಮಾಡಿ ಬಂದು, ಅದೇ ಡಬ್ಬಿಯಿಂದ ಮತ್ತೆ ಹಚ್ಚಿದ್ದರು. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಎನಾಮೆಲ್ ಎಂದು ಮುದ್ರಿಸಿತ್ತು. ಎನಾಮೆಲ್! ಕಿಟಕಿಯ ಸರಳಿಗೆ ಹಚ್ಚುವ ಜಾತಿಯ ಬಣ್ಣವನ್ನು ಎಪಾಕ್ಸಿ ಎಂದು ಕಾರಿನ ಕೆಳಗೆ ಹಚ್ಚಿ ಹೋಗಿದ್ದ.

ಡಬ್ಬಿಯ ಚಿತ್ರ ಕಳುಹಿಸಿದೆ. ಆಗ ಬಂದ ಉತ್ತರವನ್ನು ಇದ್ದ ಹಾಗೆಯೇ ಬರೆಯುತ್ತೇನೆ: "ಆ ರೇಟಿಗೆ ಎರಡು ಡಬ್ಬಿಯದು ಎಲ್ಲಿ ಬರುತ್ತದೆ ಸರ್?" ರೇಟು ಹೇಳಿದವನು ಅವನು. ಎಪಾಕ್ಸಿ ಎಂದವನು ಅವನು. ನಾನು ಒಂದು ರೂಪಾಯಿ ಚೌಕಾಸಿ ಮಾಡಿರಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಸಂದೇಶ: ಹಳೆಯದನ್ನು ಕೆರೆದು ಹೊಸದಾಗಿ ಹಚ್ಚಲು ಚದರ ಅಡಿಗೆ 30 ರೂಪಾಯಿ ಕೊಟ್ಟರೆ ಸಾಕಂತೆ, "ನಿಮಗಾಗಿ ಕಡಿಮೆ". ಆಮೇಲೆ ನನ್ನ ಸಂಖ್ಯೆಯನ್ನೇ ನಿರ್ಬಂಧಿಸಿದ.

ಬಿಲ್ ಇಲ್ಲದಿದ್ದರೆ ಏನೂ ಮಾಡಲಾಗದು ಎಂದು ಇಂಥವರು ನಂಬಿರುತ್ತಾರೆ. ಯುಪಿಐ ಪಾವತಿಯ ದಾಖಲೆ ಇದೆ, ಸಂದೇಶಗಳಿವೆ, ಡಬ್ಬಿ ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನಾನು ಮಾಡಿದ್ದೇನೆ, ದೂರನ್ನೂ ಬರೆಸುತ್ತಿದ್ದೇನೆ.

ನೀವು ಮಾಡಿಸುವುದಾದರೆ ಮಳೆಗಾಲದಲ್ಲಿ ಬೇಡವೇ ಬೇಡ, ಹೊಸ ಕಾಂಕ್ರೀಟಾದರೆ ಕನಿಷ್ಠ 28 ದಿನ ಕಾಯಿರಿ. ಗ್ರೈಂಡಿಂಗ್ ಯಂತ್ರ ಅಂಗಳಕ್ಕೆ ಬರುವವರೆಗೆ ಮುಂಗಡ ಕೊಡಬೇಡಿ. ಎರಡು ಡಬ್ಬಿಗಳನ್ನು ನಿಮ್ಮೆದುರೇ ಒಡೆಸಿ, ನಿಮ್ಮೆದುರೇ ಬೆರೆಸಲಿ, ಡಬ್ಬಿಗಳು ನಿಮ್ಮ ಹತ್ತಿರವೇ ಉಳಿಯಲಿ. ಬಾಗಿಲಿಲ್ಲದ ಗ್ಯಾರೇಜಾದರೆ ನಿಜವಾದ ಎಪಾಕ್ಸಿಯೂ ಬಿಸಿಲಿಗೆ ಹಳದಿಯಾಗುತ್ತದೆ ಎಂಬುದೂ ತಿಳಿದಿರಲಿ.

ನನಗಂತೂ ಹೊಳಪು ಸಾಕಾಗಿದೆ. ಉಳಿದ ಬಣ್ಣ ಕೆರೆಸಿ, ಪಾಲಿಶ್ ಮಾಡದ ಒರಟು ಶಹಾಬಾದ್ ಕಲ್ಲು ಹಾಕಿಸುತ್ತಿದ್ದೇನೆ. ಅದು ಸುಣ್ಣದ ಕಲ್ಲು, ಆ್ಯಸಿಡ್ ತಾಗಿದರೆ ಹಾಳಾಗುತ್ತದೆ, ಆದ್ದರಿಂದ ಶೌಚಾಲಯ ತೊಳೆಯುವ ದ್ರಾವಣ ಅದರ ಹತ್ತಿರ ಸುಳಿಯಕೂಡದು. ಎಣ್ಣೆ ಬಿದ್ದರೆ ತಕ್ಷಣ ಮರದ ಹೊಟ್ಟು ಸುರಿದು ಹೀರಿಸಿ ಗುಡಿಸಬೇಕು, ಉಳಿದದ್ದಕ್ಕೆ ಸಾಬೂನು ನೀರು ಸಾಕು. ಕಲ್ಲು ಹಾಸುವ ಗವಂಡಿ ಬಿಲ್ ಕೊಡುತ್ತೇನೆ ಎಂದಿದ್ದಾನೆ. ಕೈಗೆ ಬಂದ ಮೇಲೆ ನಂಬುತ್ತೇನೆ.