ಹುಟ್ಟಿದ ದಿನಾಂಕಕ್ಕೆ ಮೂರು ಪೆಟ್ಟಿಗೆ ಸಾಕು

ವೆಬ್ ಫಾರಂನಲ್ಲಿ ಹುಟ್ಟಿದ ದಿನಾಂಕ ಕೇಳಲು ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ದಿನ, ತಿಂಗಳು, ವರ್ಷಕ್ಕೆ ಬೇರೆ ಬೇರೆ ಪೆಟ್ಟಿಗೆ ಇಡುವುದೇ ನನ್ನ ಆಯ್ಕೆ. ನೋಡಲು ಚಂದವಿಲ್ಲ, ನಿಜ. ಚಂದದ ಆಸೆಗೆ ಬಿದ್ದು ಒಮ್ಮೆ ಪೆಟ್ಟು ತಿಂದಾಗಿದೆ.

ಆ ಚಂದದ್ದು ದುಡ್ಡು ಕೊಟ್ಟು ತಂದ, ದಿನಾಂಕ ಒತ್ತಿ ಆರಿಸುವ ಕ್ಯಾಲೆಂಡರ್ ವಿಜೆಟ್. ಮುಂದಿನ ವಾರದ ಭೇಟಿ ಗೊತ್ತುಮಾಡಲು ಒಳ್ಳೆಯದೇ. ಆದರೆ 1958ರಲ್ಲಿ ಹುಟ್ಟಿದವರು ತಿಂಗಳು ತಿಂಗಳಾಗಿ ಬಾಣದ ಗುರುತು ಒತ್ತುತ್ತಾ ಹಿಂದಕ್ಕೆ ಹೋಗಬೇಕಿತ್ತು. ಪಾಪವೆನಿಸಿ, ಟೈಪ್ ಮಾಡಲು ಅವಕಾಶ ಕೊಟ್ಟು, ಬಂದ ಅಂಕಿಗಳನ್ನು ಬಿಡಿಸಿ ದಿನಾಂಕ ಮಾಡುವ ನಾಲ್ಕು ಸಾಲು ಕೋಡ್ ನಾನೇ ಬರೆದೆ.

ಕೆಲವು ದಿನಗಳ ನಂತರ ಒಬ್ಬರಿಂದ ಪತ್ರ: ‘ನಾನು ಹುಟ್ಟಿದ್ದು ಏಪ್ರಿಲ್‌ನಲ್ಲಿ. ನಿಮ್ಮ ದಾಖಲೆಯಲ್ಲಿ ಮೇ 1 ಎಂದಿದೆ.’ ಎರಡು ದಿನ ಡೇಟಾಬೇಸನ್ನು ಬೈದೆ. ಕೊನೆಗೆ ಲಾಗ್ ತೆರೆದರೆ, ಅವರು ಬರೆದದ್ದು 31/04. ಏಪ್ರಿಲ್‌ಗೆ ಇರುವುದೇ 30 ದಿನ! ಕನ್ಸೋಲ್‌ನಲ್ಲಿ ನಾನು ಕೋಡ್ ಬರೆದ ಭಾಷೆ ಜಾವಾಸ್ಕ್ರಿಪ್ಟಿನ, ದಿನಾಂಕ ಮಾಡಿಕೊಡುವ ‘ಡೇಟ್’ಗೆ ವರ್ಷ, ತಿಂಗಳು, ದಿನವನ್ನು ಬಿಡಿಬಿಡಿಯಾಗಿ ಕೊಟ್ಟು ನೋಡಿದೆ. ಅದು ತಪ್ಪು ಎನ್ನುವುದೇ ಇಲ್ಲ. ಹೆಚ್ಚಾದ ದಿನಗಳನ್ನು ಸದ್ದಿಲ್ಲದೆ ಮುಂದಿನ ತಿಂಗಳಿಗೆ ದಾಟಿಸುತ್ತದೆ. 2023ರ ಫೆಬ್ರವರಿ 31 ಕೊಟ್ಟರೆ ಮಾರ್ಚ್ 3. ದೋಷವೂ ಅಲ್ಲ, ಅದರ ನಿಯಮವೇ ಹಾಗೆ. ಜನವರಿಯನ್ನು ಸೊನ್ನೆ ಎಂದು ಎಣಿಸುವ, 99 ಎಂದರೆ 1999 ಎಂದು ತಾನೇ ತೀರ್ಮಾನಿಸುವ ವಸ್ತುವಿನ ಮೇಲೆ ಭಾರ ಹಾಕಿದ್ದು ನನ್ನ ತಪ್ಪು.

ಆಮೇಲೆ ರೆಜೆಕ್ಸ್, ಅಂದರೆ ಬರಹದ ವಿನ್ಯಾಸ ಹೊಂದುತ್ತದೆಯೇ ಎಂದು ನೋಡುವ ಸೂತ್ರ, ಹಿಡಿದೆ. ಅದು ಅಂಕಿಗಳ ಆಕಾರ ನೋಡುತ್ತದೆ, ತಿಂಗಳಿಗೆಷ್ಟು ದಿನ ಎಂದು ಕೇಳುವುದಿಲ್ಲ. 1900 ಅಧಿಕ ವರ್ಷವಲ್ಲ, 2000 ಹೌದು ಎಂಬುದನ್ನೂ ತುರುಕಿ ಒಂದನ್ನು ಹೆಣೆದೆ. ಮರುವಾರ ನನಗೇ ಅದು ಅರ್ಥವಾಗಲಿಲ್ಲ.

ದಿನಾಂಕ ತುಂಬಲು ಬ್ರೌಸರಿನದೇ ಆದ ಪೆಟ್ಟಿಗೆ, ಡೇಟ್ ಇನ್‌ಪುಟ್, ಪುಕ್ಕಟೆ, ಕಳುಹಿಸುವುದೂ ಸದಾ ವರ್ಷ-ತಿಂಗಳು-ದಿನದ ಒಂದೇ ಕ್ರಮದಲ್ಲಿ. ಎರಡನೆಯ ಸ್ಥಾನ ಇದಕ್ಕೇ. ಆದರೆ ತೋರಿಸುವ ಕ್ರಮ ಬ್ರೌಸರಿನ ಇಷ್ಟ: ನಾನು ಮೇಲೆ ‘ದಿನ/ತಿಂಗಳು’ ಎಂದು ಬರೆದರೆ ಕೆಲವರ ಪರದೆಯಲ್ಲಿ ತಿಂಗಳೇ ಮೊದಲು. ಇಲ್ಲದ ದಿನಾಂಕ ತುಂಬಿದರೆ ನಮ್ಮ ಕೈಗೆ ಬರುವುದು ಖಾಲಿ ಉತ್ತರ. ಬ್ಯಾಡ್‌ಇನ್‌ಪುಟ್ ಗುರುತನ್ನು (ತುಂಬಿದ್ದು ಸರಿಯಿಲ್ಲ ಎಂಬ ಬ್ರೌಸರಿನ ಸೂಚನೆ) ಬೇರೆಯಾಗಿ ನೋಡದಿದ್ದರೆ, ತುಂಬಿದವರಿಗೇ ‘ದಯವಿಟ್ಟು ತುಂಬಿ’ ಎಂದು ಹೇಳುತ್ತೇವೆ.

ಮೂರು ಪೆಟ್ಟಿಗೆಯಲ್ಲಿ ಮೊದಲನೆಯದು ಏನು ಎಂಬ ಗೊಂದಲವೇ ಇಲ್ಲ. ಬ್ರಿಟನ್ ಸರ್ಕಾರದ ವಿನ್ಯಾಸ ಮಾರ್ಗಸೂಚಿಯೂ ಹುಟ್ಟಿದ ದಿನಾಂಕಕ್ಕೆ ಇದನ್ನೇ ಹೇಳುತ್ತದೆ. ಪರೀಕ್ಷೆ ಸುಲಭ: ಮೂರು ಅಂಕಿ ಸೇರಿಸಿ ದಿನಾಂಕ ಮಾಡು, ಅದರಿಂದ ಮತ್ತೆ ಮೂರನ್ನೂ ಹೊರತೆಗೆ, ಒಂದಾದರೂ ಬದಲಾಗಿದ್ದರೆ ತಿರಸ್ಕರಿಸು. ಡೇಟ್ ಬದಲಿಗೆ ಜಾವಾಸ್ಕ್ರಿಪ್ಟಿಗೆ ಬಂದ ಹೊಸ ಟೆಂಪೊರಲ್‌ನ ‘ಫ್ರಮ್’ ಬಳಸುವವರೂ ‘ರಿಜೆಕ್ಟ್’ ಆಯ್ಕೆ ಕೊಡಬೇಕು. ಇಲ್ಲವಾದರೆ ಬಿಡಿ ಅಂಕಿಗಳ ಏಪ್ರಿಲ್ 31ನ್ನು ಅದು 30ಕ್ಕೆ ಇಳಿಸುತ್ತದೆ. ಸರ್ವರ್‌ನಲ್ಲಿ ಇದೇ ಪರೀಕ್ಷೆ ಇನ್ನೊಮ್ಮೆ, ಯಾವ ದಾರಿ ಹಿಡಿದರೂ.

ದೊಡ್ಡ ತಂಡ, ದಿನವಿಡೀ ಬುಕಿಂಗ್ ಇರುವವರು ವಿಜೆಟ್ ಕೊಳ್ಳಲಿ. ಒಬ್ಬನೇ ಹತ್ತಾರು ಚಿಕ್ಕ ಫಾರಂ ನೋಡಿಕೊಳ್ಳುವ ನಾನು ಅದರ ಪರವಾನಗಿ ನವೀಕರಿಸಲಿಲ್ಲ.

ಪತ್ರ ಬರೆದವರನ್ನು ಕೊನೆಗೆ ಕೇಳಿಯೇಬಿಟ್ಟೆ. ಅವರು ಹುಟ್ಟಿದ್ದು 13ನೇ ತಾರೀಖಿನಂದು, ಅಂಕಿಗಳು ಹಿಂದುಮುಂದಾಗಿದ್ದವಂತೆ.